ಡಿಕ್ಕಿ ಬಾಗಿಲಿಗೆ ಜೋತುಬಿದ್ದ ಅತ್ತೆ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ನಾಲ್ಕೂಮುಕ್ಕಾಲು ಅಡಿ ಎತ್ತರ. ಬಾಯಿ ಮಾತ್ರ ಆರಡಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಬೆಡ್‌ಶೀಟು ಇಸ್ತ್ರಿ ಮಾಡಿ, ನಿವೃತ್ತಿಯ ಮರುವಾರವೇ ಬಾಡಿಗೆ ಮನೆ ಬಿಟ್ಟು ಒಂದು ಹಳೇ ಮನೆಗಾಡಿ ಕೊಂಡಳು. ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ವ್ಯಾನು ಅದು. ಅದರಲ್ಲೇ ಊರೂರು ಸುತ್ತುತ್ತಾಳೆ. ಆ ವ್ಯಾನು ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿ.

ವ್ಯಾನಿನ ಪಕ್ಕದಲ್ಲಿ ಸಾಮಾನು ತುಂಬುವ ಡಿಕ್ಕಿ. ಬಾಗಿಲು ಮೇಲಕ್ಕೆ ತೆರೆಯುತ್ತದೆ; ಎರಡು ಬದಿಯ ಗ್ಯಾಸ್ ರಾಡುಗಳು ಅದನ್ನು ಎತ್ತಿ ಹಿಡಿಯಬೇಕು. ಅವುಗಳ ಗ್ಯಾಸು ಹೋಗಿ ಎಷ್ಟೋ ದಿನವಾಗಿತ್ತು. ಅತ್ತೆ ನೆಲ ಒರೆಸುವ ಕೋಲು ಆನಿಸಿ ಕಾಲ ತಳ್ಳುತ್ತಿದ್ದಳು. ಒಂದು ದಿನ ಕೋಲು ಜಾರಿ ಬಾಗಿಲು ತಲೆಗೇ ಬಡಿಯಿತು. ನಿಂಬೆಹಣ್ಣಿನಷ್ಟು ಬುಗುಟು.

ಅಪ್ಪನಿಗೆ ಅಷ್ಟೇ ಬೇಕಿತ್ತು. "ಭಾನುವಾರ ಗಿರಾಕಿ ಕರ್ಕೊಂಡು ಬರ್ತೀನಿ ಅಕ್ಕ. ಆ ಬಾಗಿಲನ್ನ ನೀನೊಬ್ಳೇ ತೆಗೆದು ಮುಚ್ಚಿ ತೋರ್ಸು, ಮಾರೋ ಮಾತೇ ಎತ್ತಲ್ಲ. ಆಗ್ಲಿಲ್ವೋ, ಗಾಡಿ ಕೊಟ್ಟು ಸುಮ್ನೆ ನಮ್ಮನೇಲಿರು."

"ಆಗ್ಲಿ ಕಣೋ, ಬಾ," ಎಂದಳು ಅತ್ತೆ.

ಹೊಸ ರಾಡು ತರಲು ಅಂಗಡಿಗೆ ಹೋದಳು. ಎಷ್ಟು ಬಲದ್ದು ಬೇಕೆಂದು ತಿಳಿಸುವ ನಂಬರು ಹಳೇ ರಾಡಿನ ಮೇಲೆ ಅಳಿಸಿಹೋಗಿತ್ತು. ಅಂಗಡಿಯವನು ಬಾಗಿಲ ತೂಕ ಕೇಳಿದರೆ "ಇರೋದ್ರಲ್ಲಿ ಗಟ್ಟಿ ಇರೋದು ಕೊಡಪ್ಪ" ಅಂದಳಂತೆ. ಅವಳು ಕೊಳ್ಳುವುದೆಲ್ಲ ಹೀಗೇ. ಅವಳ ಚಪ್ಪಲಿ ನೋಡಿದರೆ ಸೈನ್ಯಕ್ಕೆ ಸೇರಿದ್ದಾಳೆ ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಕೋಲು ಆನಿಸಿ, ಸ್ಕ್ರೂಡ್ರೈವರಿನಿಂದ ಕ್ಲಿಪ್ ಎಬ್ಬಿಸಿ, ಒಂದಾದ ಮೇಲೊಂದು ರಾಡು ಬದಲಾಯಿಸಿದ್ದಳು. ತೆಳು ತುದಿ ಕೆಳಗೆ ಬರಬೇಕೆಂಬುದನ್ನೂ ಮರೆತಿರಲಿಲ್ಲ. ಕೆಲಸ ಅಚ್ಚುಕಟ್ಟು. ಆದರೆ ಹೊಸ ರಾಡುಗಳ ಬಲಕ್ಕೆ ಬಾಗಿಲು ಏನು ಮಾಡಿದರೂ ಮುಚ್ಚದು. ಅಪ್ಪ, ನಾನು, ಗಿರಾಕಿ ಹೋದಾಗ ಅತ್ತೆ ಅದರ ಅಂಚಿಗೆ ಜೋತುಬಿದ್ದಿದ್ದಳು, ಕಾಲು ನೆಲದಿಂದ ಗೇಣುದ್ದ ಮೇಲೆ.

"ಆಯ್ತಲ್ಲ ಅಕ್ಕ, ಇಳಿ," ಎಂದು ಅಪ್ಪ ಹಿಗ್ಗುತ್ತಾ ಬಂದು, ಹೊಟ್ಟೆಯ ಭಾರವನ್ನೆಲ್ಲ ಹಾಕಿ ಬಾಗಿಲು ಅದುಮಿದ. ಮುಚ್ಚಿತು. ಚಿಲಕ ಹಾಕುವ ಮೊದಲೇ ಕೈ ಬಿಟ್ಟ. ಬಾಗಿಲು ಧಡ್ಡನೆ ಎದ್ದು ಅವನ ಕನ್ನಡಕವನ್ನು ವ್ಯಾನಿನ ತಲೆಯ ಮೇಲಕ್ಕೆ ಹಾರಿಸಿತು. ನಾನು ನಕ್ಕೆ. ಗಿರಾಕಿಯೂ ನಕ್ಕ.

ಅತ್ತೆ ನಗಲಿಲ್ಲ. ಬಾಗಿಲನ್ನೇ ದಿಟ್ಟಿಸಿ ನೋಡಿ, ಒಂದು ಬದಿಯ ರಾಡನ್ನು ಕಿತ್ತುಹಾಕಿದಳು. ಒಂಟಿ ರಾಡಿನ ಮೇಲೆ ಬಾಗಿಲು ಹಾಗೇ ನಿಂತಿತು. ಒಂದೇ ಕೈಯಲ್ಲಿ ಎಳೆದಳು, ಮುಚ್ಚಿತು. ಚಿಲಕ ತೆಗೆದಳು, ಮೆಲ್ಲಗೆ ಮೇಲೆದ್ದಿತು. ಹೀಗೆ ಮೂರು ಸಲ ತೋರಿಸಿದಳು. ಗಿರಾಕಿ ಬಂದ ದಾರಿ ಹಿಡಿದ.

ಅಪ್ಪ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ. "ಮಾತಿಗೆ ತಪ್ಪಲ್ಲ, ಗಾಡಿ ಇಟ್ಕೋ. ಆದ್ರೆ ಯಾವ್ದೋ ಊರಲ್ಲಿ ನಿಂಗೇನಾದ್ರೂ ಆದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಭಯ ಆಗುತ್ತೆ ಕಣಕ್ಕ."

"ಫೋನ್ ಮಾಡಿ ಕೇಳು. ನಾನು ಹೊರಟು ಮೂರು ವರ್ಷ ಆಯ್ತು. ಗಾಡಿ ಮಾರು ಅನ್ನೋದಕ್ಕಲ್ದೆ ಒಂದ್ಸಲಾನಾದ್ರೂ ಮಾಡಿದ್ದೀಯಾ?"

ಅಪ್ಪ ಕಣ್ಣು ಒರೆಸಿಕೊಂಡ. ನಾನು ಕನ್ನಡಕ ತರುವ ನೆಪದಲ್ಲಿ ಸರಸರನೆ ವ್ಯಾನಿನ ಏಣಿ ಹತ್ತಿದೆ. ಕೆಳಗೇ ನಿಂತಿದ್ದರೆ ಮುಂದಿನ ಸರದಿ ನನ್ನದಾಗುತ್ತಿತ್ತು, ನಾನೂ ಒಂದು ಫೋನ್ ಮಾಡಿರಲಿಲ್ಲ.