ಕಡೆಯ ನಾಲ್ಕು ಸಾಲು ಕಬ್ಬು

ಹೋದ ಶುಕ್ರವಾರ ನನ್ನ ಕಬ್ಬಿನ ಹೊಲದಲ್ಲಿ ಚಿರತೆಯೊಂದು ಮೂರು ಮರಿ ಹಾಕಿತು.

ಹಾಗಂತ ನನಗೆ ಹೇಳಿದ್ದು ವಾಟ್ಸಾಪ್. ಹೊಲ ನನ್ನದು, ಕಬ್ಬು ನನ್ನದು. ಆದರೆ ಸುದ್ದಿ ಮಾತ್ರ ಮೊದಲು ಸಾವಳಗಿಗೆ ಹೋಗಿ, ಮಹಾಲಿಂಗಪುರದ ಬಸ್ ಸ್ಟ್ಯಾಂಡ್ ಸುತ್ತಿಕೊಂಡು, ಆಮೇಲೆ ಜಮಖಂಡಿಯ ನನ್ನ ವರ್ಕ್‌ಶಾಪಿಗೆ ಬಂತು. ನಾನು ಆಗ ಟ್ರೇಲರ್ ಒಂದರ ಕೆಳಗೆ ಮಲಗಿ ಆಕ್ಸಲ್‌ಗೆ ವೆಲ್ಡಿಂಗ್ ಮಾಡುತ್ತಿದ್ದೆ. ಜೇಬಿನಲ್ಲಿ ಫೋನು ಒಂದೇ ಸಮ ಕುಣಿಯುತ್ತಿತ್ತು. ತೆಗೆದು ಮೆಸೇಜ್ ಓದುವಷ್ಟರಲ್ಲಿ ಪಕ್ಕದ ಹೊಲದ ಸಿದ್ದಪ್ಪನ ಫೋನ್ ಬಂತು.

"ಅಣ್ಣಾ, ಎಲ್ಲಿ ಅದಿ? ನಿನ್ನ ಕಬ್ಬಿನ್ಯಾಗ ಚಿರತಿ ಮರಿ ಹಾಕೇತಿ! ಟೋಳಿ ಮಂದಿ ಕೊಯ್ತಾ ಒಗದು ಟ್ರೇಲರ್ ಮ್ಯಾಲ ಹತ್ತಿ ಕುಂತಾರ. ಯಾರೂ ಕೆಳಗ ಇಳಿವಲ್ರು!"

"ಮರಿ ಎಲ್ಲಿ ಅದಾವ್ಲೇ?"

"ವೈನಿ ಮನಿಗೆ ಒಯ್ದಾರ."

ವೈನಿ ಅಂದರೆ ನನ್ನ ಹೆಂಡತಿ, ಶಾಂತವ್ವ. ಕೊಯ್ತಾ ಕತ್ತಿ ಹಿಡಿದು ಕಬ್ಬು ಕಡಿಯುವ ಆಳುಗಳ ಟೋಳಿಗೆ ಬೆಳಿಗ್ಗೆ ರೊಟ್ಟಿ ಬುಟ್ಟಿ ಒಯ್ದವಳು, ಅದೇ ಬುಟ್ಟಿಯಲ್ಲಿ ಚಿರತೆಯ ಮಕ್ಕಳನ್ನು ತಂದಿದ್ದಳು. (ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿಯ ಧೈರ್ಯದ ಅಂದಾಜು ನನಗಿನ್ನೂ ಸಿಕ್ಕಿಲ್ಲ.)

ಮನೆಗೆ ಓಡಿದೆ. ಪಡಸಾಲೆಯಲ್ಲಿ ಓಣಿಯೇ ನೆರೆದಿತ್ತು. ನಡುವೆ ಕೌದಿ ಮಡಚಿ ಹಾಸಿ, ಅದರ ಮೇಲೆ ಮೂರು ಮರಿ. ಒಂದೊಂದೂ ನನ್ನ ಅಂಗೈಯಷ್ಟು. ಕಣ್ಣು ಆಗತಾನೆ ಬಿಟ್ಟಿದ್ದವು. ಶಾಂತವ್ವ ಹತ್ತಿಯ ಬತ್ತಿಯನ್ನು ಆಕಳ ಹಾಲಲ್ಲಿ ಅದ್ದಿ ಕುಡಿಸಲು ನೋಡುತ್ತಿದ್ದಳು. ಮೂರರ ಹಣೆಗೂ ದೃಷ್ಟಿ ತಾಗದಂತೆ ಕಾಡಿಗೆ ಹಚ್ಚಿ ಆಗಿತ್ತು!

"ಇದನ್ನೆಲ್ಲಾ ಯಾಕ ತಂದಿ?" ಅಂದೆ.

"ಮತ್ತೇನ ಅಲ್ಲೇ ಬಿಟ್ಟ ಬರ್ಲೇನ್ರಿ? ಸಂಜೀಕ ರವದಿಗಿ ಬೆಂಕಿ ಹಚ್ತಾರ. ಸಿದ್ದಪ್ಪನ ನಾಯಿ ಬ್ಯಾರೆ ಬಾಯಿ ತಕ್ಕೊಂಡು ಕುಂತಾವ. ಕೂಸಿನಂಗ ಅದಾವ ನೋಡ್ರಿ."

ಅವಳ ಮಾತು ಸುಳ್ಳಲ್ಲ. ನಮ್ಮ ಕಡೆ ಕಬ್ಬು ಕಡಿಯುವುದು ಹೊರಗಿನಿಂದ ಒಳಕ್ಕೆ. ಸುತ್ತ ಬಯಲಾಗುತ್ತ ಬಂದಂತೆ ಒಳಗಿದ್ದ ಮೊಲ, ಮುಂಗುಸಿ, ಕೌಜುಗ ಎಲ್ಲ ನಡುವಿಗೆ ಸರಿಯುತ್ತವೆ. ಕಡೆಯ ನಾಲ್ಕು ಸಾಲು ಉಳಿದಾಗ ಎಲ್ಲ ಜೀವವೂ ಅಲ್ಲೇ. ಆಗ ಸುತ್ತಲಿನವರು ಬೇಟೆಗೆಂದು ಬಡಿಗೆ ಹಿಡಿದು, ನಾಯಿ ಕಟ್ಟಿಕೊಂಡು ಬಂದು ನಿಲ್ಲುತ್ತಾರೆ. ಕಡೆಯ ಸಾಲು ಅಂದರೆ ನಮಗೆ ಹಬ್ಬ. ಅದಾದ ಮೇಲೆ ಒಣಗಿದ ಎಲೆ, ಅದೇ ರವದಿಗೆ, ಒಂದು ಕಡ್ಡಿ ಗೀರಿದರೆ ಹೊಲ ಸ್ವಚ್ಛ. ಸಿದ್ದಪ್ಪ ಅವತ್ತು ಬೆಳಿಗ್ಗೆಯೇ ನಾಯಿ ಸಮೇತ ಬಂದು ಕೂತಿದ್ದು ಇದಕ್ಕೇ.

ಶೈಲಾ ಮೇಡಂಗೆ ಫೋನ್ ಮಾಡಿದೆ.

ಶೈಲಾ ಮೇಡಂ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಭಾನುವಾರ ಹಕ್ಕಿ ನೋಡುತ್ತಾರೆ. ನಮ್ಮೂರ ನಿಸರ್ಗ ಬಳಗಕ್ಕೆ ಅವರೇ ಮುಂದಾಳು. ಕ್ಯಾಪು, ಬೈನಾಕ್ಯುಲರು, ನೀರಿನ ಬಾಟಲಿ ಹಿಡಿದು ಎಂಟ್ಹತ್ತು ಜನ ಒಮ್ಮೆ ಬೀಳಗಿ ಕಡೆಯ ಗುಡ್ಡಕ್ಕೆ, ಒಮ್ಮೆ ಚಿಕ್ಕಪಡಸಲಗಿಯ ಹಿನ್ನೀರಿಗೆ ಹೋಗುತ್ತಾರೆ. ಬರುವಾಗ ದಂಡೆಯ ಮೇಲಿನ ಹರಿದ ಮೀನುಬಲೆ, ಪ್ಲಾಸ್ಟಿಕ್ ಚೀಲ ಆರಿಸಿ ತರುತ್ತಾರೆ. ಊರವರು ಅವರಿಗೆ ಇಟ್ಟ ಹೆಸರು "ಹಕ್ಕಿ ಎಣಿಸೋ ಮಂದಿ". ಮಳೆಗಾಲದಲ್ಲಿ ಅವರಿಗೊಂದು ಕಬ್ಬಿಣದ ಏಣಿ ಮಾಡಿಕೊಟ್ಟೆ. ಮರುವಾರ ನನ್ನನ್ನೂ ಕರೆದುಕೊಂಡು ಹೋದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಇಂಗ್ಲಿಷ್ ಹೆಸರಿನ ಹಕ್ಕಿಗಳ ನಡುವೆ ನನಗೇನು ಕೆಲಸ ಅಂದುಕೊಂಡೇ ಹೋದೆ. ಆದರೆ ರೈತರೇ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ನಿಂತು, ಇದಕ್ಕೆ ನಾನೂ ಕಲ್ಲು ಹೊತ್ತವನು ಅಂದಾಗ ಎಲ್ಲರೂ ಬೈನಾಕ್ಯುಲರ್ ಇಳಿಸಿ ನನ್ನನ್ನು ನೋಡಿದರು. ಸುಳ್ಳು ಯಾಕೆ ಹೇಳಲಿ, ಅವತ್ತೇ ಮೆಂಬರ್ ಆದೆ.

ಮೇಡಂ ಫೋಟೋ ಕಳಿಸಿ ಅಂದರು. ಕಳಿಸಿದೆ. ಕೂಡಲೇ ಫೋನ್ ಬಂತು.

"ಗುರಪ್ಪ ಕಾಕಾ, ಚಿರತಿ ಅಲ್ರಿ. ಕಾಡಬೆಕ್ಕಿನ ಮರಿ. ಮೈಮ್ಯಾಲ ಚುಕ್ಕಿ ಎಲ್ಲಿ ಅದಾವ ನೋಡ್ರಿ?"

ಫೋನ್ ಸ್ಪೀಕರಿನಲ್ಲಿತ್ತು, ಪಡಸಾಲೆಗೆ ಪಡಸಾಲೆಯೇ ಕೇಳಿಸಿಕೊಂಡಿತು. ಸೆಲ್ಫಿಗೆ ನಿಂತಿದ್ದವರು ಫೋನ್ ಕೆಳಗಿಳಿಸಿದರು. "ಬೆಕ್ಕ? ಇಷ್ಟಕ್ಕ ಕೆಲಸ ಬಿಟ್ಟ ಬಂದೆನಲ್ಲೋ" ಅಂತ ಒಬ್ಬ ಚಪ್ಪಲಿ ಮೆಟ್ಟಿಕೊಂಡ. ಚಿರತೆಯಾದರೆ ಮುದ್ದು, ಬೆಕ್ಕಾದರೆ ಇಷ್ಟೇನಾ? ಮರಿಗಳು ಮಾತ್ರ ಅವೇ ಇದ್ದವು, ಕೌದಿಯ ಮೇಲೆ ಒಂದರ ಮೇಲೊಂದು ಬಿದ್ದು ನಡುಗುತ್ತ.

ಮೇಡಂ ಮುಂದೆ ಹೇಳಿದ್ದು ನನಗೆ ಬೇಡವಾದ ಮಾತು. ಆಕಳ ಹಾಲು ಕುಡಿಸಬೇಡಿ, ಹೊಟ್ಟೆ ಕೆಡುತ್ತದೆ. ತಾಯಿ ಅಲ್ಲೇ ಸುತ್ತಮುತ್ತ ಇರುತ್ತಾಳೆ. ಹೊತ್ತು ಮುಳುಗುವ ಮೊದಲು ಮರಿಗಳನ್ನು ಸಿಕ್ಕ ಜಾಗದಲ್ಲೇ ಇಡಬೇಕು. ಕಡೆಯ ಸಾಲು ಕಡಿಯಬಾರದು, ಬೆಂಕಿ ಹಚ್ಚಬಾರದು, ನಾಯಿ ಇರಬಾರದು. ಅರಣ್ಯ ಇಲಾಖೆಯವರಿಗೂ ಅವರೇ ಫೋನ್ ಮಾಡಿದರು. ಅವರೂ ಅದನ್ನೇ ಹೇಳಿದರಂತೆ.

"ತಾಯಿ ಬರದಿದ್ರ?" ಅಂತ ಶಾಂತವ್ವ ಫೋನಿಗೆ ಬಾಯಿ ಹಾಕಿ ಕೇಳಿದಳು.

"ಬರ್ತಾಳ್ರಿ ಕಾಕು. ಆದ್ರ ತಡಾ ಆದಷ್ಟೂ ಕಷ್ಟ. ಮರಿ ಇಲ್ಲ ಅಂತ ತಿಳಕೊಂಡು ಜಾಗಾ ಬಿಟ್ಟ ಹೋದ್ರ, ಇವು ಬದುಕೂದು ಭಾಳ ಕಷ್ಟ."

ಶಾಂತವ್ವ ಹಾಲಿನ ಬಟ್ಟಲನ್ನು ಆಚೆ ಸರಿಸಿದಳು. ಆದರೆ ಮರಿ ಕೊಡಲು ಒಪ್ಪಲಿಲ್ಲ. ಅವನ್ನು ಕೌದಿ ಸಮೇತ ಬುಟ್ಟಿಗೆ ಹಾಕಿ, ನನ್ನ ಬೈಕಿನ ಹಿಂದೆ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೊಲಕ್ಕೆ ಬಂದಳು.

ಹೊಲದಲ್ಲಿ ಇನ್ನೊಂದು ತಾಪತ್ರಯ. ಬೆಕ್ಕು ಅಂತ ಗೊತ್ತಾದ ಕೂಡಲೇ ಟೋಳಿ ಟ್ರೇಲರಿನಿಂದ ಇಳಿದು ಕೊಯ್ತಾ ಹಿಡಿದಿತ್ತು. ಕಾಲುವೆ ಬದಿಯ ನಾಲ್ಕು ಮೊಟಕು ಸಾಲು ಮಾತ್ರ ಬಾಕಿ. ಮರಿ ಸಿಕ್ಕಿದ್ದೂ ಅಲ್ಲೇ. ನಿಲ್ಲಿಸಿ ಅಂದೆ. ಟೋಳಿಯ ಮುಖ್ಯಸ್ಥ, ಇಂಡಿ ಕಡೆಯ ಮುಕಾದಮ ಪರಸಪ್ಪ, ಕೊಯ್ತಾವನ್ನು ಹೆಗಲ ಮೇಲಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮಾಲಕರ, ಚಾಷ್ಟಿ ಮಾಡಾಕತ್ತೀರೇನ್? ನಾಳಿ ಮುಂಜಾನಿ ನಾವು ಸಿದ್ದಪ್ಪನ ಹೊಲಕ್ಕ. ಇದನ್ನ ಬಿಟ್ರ ಮತ್ತ ಹೊಳ್ಳಿ ಬರಾಕ ಆಗೂದಿಲ್ಲ. ನಾಕ ಸಾಲಿಗೆ ಯಾವ ಟೋಳಿ ಬರತೈತಿ ಹೇಳ್ರಿ?"

ಅವನದೂ ತಪ್ಪಲ್ಲ. ಅವನ ಮಂದಿ ದುಡಿದಷ್ಟು ಉಣ್ಣುವವರು. ಬೆಕ್ಕಿಗಾಗಿ ಅವರ ಹೊತ್ತು ಹಾಳು ಮಾಡು ಅಂತ ನಾನು ಯಾವ ಬಾಯಿಂದ ಹೇಳಲಿ?

ಸಿದ್ದಪ್ಪ ನಕ್ಕ. "ಬೆಕ್ಕಿನ ಬಾಣಂತನ ಮಾಡಾಕ ನಿಂತಾನ ನಮ್ಮಣ್ಣ. ತೊಟ್ಲಾ ಕಟ್ಟೂದೊಂದು ಬಾಕಿ."

ಅದೇ ಚುಚ್ಚಿತು ನೋಡಿ. ನಾನು ಇನ್ನೊಬ್ಬರ ಮುಂದೆ ಕೈ ಒಡ್ಡಿದವನಲ್ಲ. "ಬಿಡ್ರಿ, ನಾನ ಕಡೀತೀನಿ" ಅಂದುಬಿಟ್ಟೆ. ಕಬ್ಬು ಕಡಿದು ಎಷ್ಟು ವರ್ಷವಾಯಿತು? ವೆಲ್ಡಿಂಗ್ ಮಾಡುವ ಕೈಗೂ ಕೊಯ್ತಾ ಬೀಸುವ ಕೈಗೂ ಬಹಳ ಫರಕಿದೆ.

ಸಿದ್ದಪ್ಪನಿಗೆ ಒಂದೇ ಮಾತು ಹೇಳಿದೆ: "ನಾಯಿ ಕಟ್ಟಿ ಹಾಕ್ಲೇ. ಇವತ್ತೊಂದು ದಿನ." ಗೊಣಗಿದ. ಆದರೆ ಕಟ್ಟಿದ.

ಅಷ್ಟರಲ್ಲಿ ಶೈಲಾ ಮೇಡಂ ಬ್ಯಾಂಕ್ ಮುಗಿಸಿ ಸ್ಕೂಟಿಯಲ್ಲಿ ಬಂದರು. ಮರಿ ಸಿಕ್ಕ ಜಾಗ ನೋಡಿ, ಬುಟ್ಟಿ ಇಲ್ಲಿಡಿ ಅಂದರು. ಶಾಂತವ್ವ ಕದಲಲಿಲ್ಲ.

"ನೀವು ಬರ್ತಾಳ ಅಂತೀರಿ. ಬರ್ಲಿಲ್ಲಂದ್ರ ನಾ ಕೊಂದಂಗ ಆಗೂದಿಲ್ಲೇನ್ರಿ?"

ಮೇಡಂ ಅವಳ ಪಕ್ಕ ಬದುವಿನ ಮೇಲೆ ಕೂತರು. ಟೋಳಿ ಹೊರಟುಹೋಗಿತ್ತು. ಟ್ರ್ಯಾಕ್ಟರಿನ ಟೇಪಿನ ಹಾಡು ದೂರವಾದ ಮೇಲೆ ಹೊಲ ಒಮ್ಮೆಲೇ ನಿಶ್ಶಬ್ದವಾಯಿತು.

ಆಗ ಕೇಳಿಸಿತು. ನಾಲ್ಕು ಸಾಲಿನ ಒಳಗಿಂದ, ಸಣ್ಣಗೆ, ಗಂಟಲಲ್ಲೇ ತಡೆದಂಥ ಒಂದು ಕೂಗು. ನಿಂತಿತು. ಮತ್ತೆ ಕೂಗಿತು. ಬುಟ್ಟಿಯಲ್ಲಿ ಸತ್ತಂತೆ ಮಲಗಿದ್ದ ಮೂರೂ ಮರಿ ತಲೆ ಎತ್ತಿ ಕಿರುಚತೊಡಗಿದವು.

ಶಾಂತವ್ವ ನನ್ನ ಮುಖ ನೋಡಿದಳು. ಎದ್ದಳು. ಸೆರಗಿನ ತುದಿಯಿಂದ ಮೂರರ ಹಣೆಯ ಕಾಡಿಗೆ ಒರೆಸಿದಳು. ಬುಟ್ಟಿಯನ್ನು ಸಾಲಿನ ಬುಡದಲ್ಲಿಟ್ಟು, ತಿರುಗಿ ನೋಡದೆ ನಡೆದು ಬಂದಳು.

ನಾವು ಕಾಲುವೆಯ ಆಚೆ ದಂಡೆಗೆ ಹೋಗಿ ಕೂತೆವು. ಬೆಳಕು ಇನ್ನೂ ಸ್ವಲ್ಪ ಇತ್ತು. ಮೇಡಂ ಬೈನಾಕ್ಯುಲರನ್ನು ಶಾಂತವ್ವನ ಕೈಗೆ ಕೊಟ್ಟರು. ಅವಳು ಅದನ್ನು ಮೊದಲು ತಿರುವುಮುರುವು ಹಿಡಿದಳು, ಆಮೇಲೆ ಸರಿ ಹಿಡಿದಳು. ಆಮೇಲೆ ನಮ್ಮ ಕೈಗೆ ಕೊಡಲೇ ಇಲ್ಲ. "ಬಂದ್ಳು... ಬಂದ್ಳ್ರಿ... ಉದ್ದುದ್ದ ಕಾಲಿನಾಕಿ... ಮೂಸಿ ನೋಡಾಕತ್ತಾಳ... ಅಯ್ಯ, ಕುತ್ತಿಗಿ ಹಿಡದು ಎತ್ತಿದ್ಳು!" ಅಂತ ಪಿಸುಗುಡುತ್ತಿದ್ದಳು. ಕ್ರಿಕೆಟ್ ಕಾಮೆಂಟರಿ ಹೇಳುವವರು ಅವಳಿಂದ ಕಲಿಯಬೇಕು.

ಎರಡು ಮರಿ ಹೋದವು. ಅಷ್ಟರಲ್ಲಿ ಕತ್ತಲಾಯಿತು. ನಾವು ಇಲ್ಲಿದ್ದರೆ ಅವಳಿಗೆ ಅಂಜಿಕೆ, ಹೋಗೋಣ ಅಂದರು ಮೇಡಂ. "ಮೂರನೇದ್ದು?" ಅಂತ ದಾರಿಯುದ್ದಕ್ಕೂ ಶಾಂತವ್ವ ನನ್ನನ್ನೇ ಕೇಳಿದಳು. ನನಗೇನು ಗೊತ್ತು? ಆ ಬೆಕ್ಕು ನನ್ನ ನಂಬರಿಗೆ ಮೆಸೇಜ್ ಮಾಡುತ್ತದೆಯೇ?

ಬೆಳಗಾಗುತ್ತಲೇ ಇಬ್ಬರೂ ಹೊಲದಲ್ಲಿದ್ದೆವು. ಬುಟ್ಟಿ ಖಾಲಿ. ಕಾಲುವೆ ಬದಿಯ ಹಸಿ ಮಣ್ಣಿನಲ್ಲಿ ಬೆಕ್ಕಿನ ಹೆಜ್ಜೆ, ಸಾಲು ಬಿಟ್ಟು ಹೋದದ್ದು, ಮರಳಿ ಬಂದದ್ದು. ನಾಯಿಯ ಹೆಜ್ಜೆ ಒಂದೂ ಇಲ್ಲ. ಶಾಂತವ್ವ ಕೌದಿ ಜಾಡಿಸಿ ಮಡಚಿಟ್ಟುಕೊಂಡಳು. ಅದನ್ನು ಇನ್ನೂ ಒಗೆದಿಲ್ಲ.

ಈಗ ನನ್ನ ನಾಲ್ಕು ಸಾಲು.

ಬಳಗದವರು ಆ ಭಾನುವಾರ ಹಿನ್ನೀರಿನ ಹಕ್ಕಿ ನೋಡಲು ಹೋಗಬೇಕಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಒಬ್ಬನೇ ಕೊಯ್ತಾ ಹಿಡಿದು ಬಗ್ಗಿದ್ದೆ. ನೋಡಿದರೆ ಬದುವಿನ ಮೇಲೆ ಕ್ಯಾಪಿನ ಸಾಲು! ಮೇಡಂ, ಒಬ್ಬ ಔಷಧಿ ಅಂಗಡಿಯವ, ಬನಹಟ್ಟಿಯ ಇಬ್ಬರು ಮಗ್ಗದವರು, ಇನ್ನೂ ಕೆಲವರು. "ಕಾಕಾ, ಇವತ್ತ ನಮ್ಮ ಔಟಿಂಗ್ ಇಲ್ಲೇ" ಅಂದರು.

ಅವರು ಕಬ್ಬು ಕಡಿದ ಚಂದ ಏನು ಹೇಳಲಿ! ಎಲೆ ಗೀರಿ ಎಲ್ಲರ ಕೈ ಕೆಂಪು. ಒಬ್ಬರಂತೂ ಕಬ್ಬನ್ನು ಮೊಣಕಾಲಿನ ಎತ್ತರಕ್ಕೆ ಕಡಿದರು. ಪಕ್ಕದ ಸಿದ್ದಪ್ಪನ ಹೊಲದಿಂದ ಟೋಳಿಯವರು ಕೆಲಸ ಬಿಟ್ಟು ನಿಂತು ನೋಡಿದರು. ಕೊನೆಗೆ ಪರಸಪ್ಪನಿಗೇ ತಡೆಯಲಾಗಲಿಲ್ಲ.

"ಮೇಡಂ ಅವರ, ಹಂಗಲ್ರಿ. ಅದು ಕಬ್ಬು, ಹೂವಲ್ಲ. ಬುಡಕ್ಕ ಹಾಕ್ರಿ, ಬುಡಕ್ಕ!"

ತನ್ನ ಮಂದಿಯಲ್ಲಿ ನಾಲ್ವರನ್ನು ಕರೆದುಕೊಂಡು ಬದು ದಾಟಿ ಬಂದ. ಅವರು ಬಂದ ಮೇಲೆ ಕೆಲಸ ಆಟವಾಯಿತು. ಕಬ್ಬನ್ನು ಸಿದ್ದಪ್ಪ ತನ್ನ ಲೋಡಿನ ಮೇಲೆಯೇ ಹೇರಿಸಿದ. "ಬೆಕ್ಕಿನ ಕಬ್ಬು ಬ್ಯಾರೆ ಇಡ್ರೋ" ಅಂತ ಚಾಷ್ಟಿ ಮಾಡುತ್ತಲೇ ಹೇರಿಸಿದ. ರವದಿಗೆ ಬೆಂಕಿ ಹಚ್ಚಲಿಲ್ಲ. ಅದು ಅಲ್ಲೇ ಕೊಳೆಯಲಿ, ಭೂಮಿ ತಿನ್ನಲಿ.

ಯೋಚಿಸುತ್ತಿದ್ದೇನೆ. ಅವತ್ತು ಹೊಲದಲ್ಲಿ ಕೆಟ್ಟವರು ಯಾರಿದ್ದರು? ಯಾರೂ ಇಲ್ಲ. ಎಲ್ಲಕ್ಕಿಂತ ಹೆಚ್ಚು ಅಂತಃಕರಣ ಇದ್ದವಳು ನನ್ನ ಹೆಂಡತಿ. ಮರಿಗಳನ್ನು ತಾಯಿಯಿಂದ ಬಿಡಿಸಿ ತಂದವಳೂ ಅವಳೇ. ನಾವು ಉಪಕಾರ ಮಾಡುವಾಗ ಇಷ್ಟು ಅವಸರ ಯಾಕೆ ಮಾಡುತ್ತೇವೆ? ಎತ್ತಿಕೊಳ್ಳುವ ಮೊದಲು, ಇದಕ್ಕೆ ಯಾರಾದರೂ ಇದ್ದಾರೋ ಅಂತ ಒಂದು ಗಳಿಗೆ ಆಚೀಚೆ ನೋಡಿದರೆ ಏನು ಹೋಗುತ್ತದೆ?

ನಿನ್ನೆ ಸಿದ್ದಪ್ಪ ಫೋನ್ ಮಾಡಿದ್ದ. ದನಿ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ: "ಅಣ್ಣಾ, ನಾಳಿ ನಂದು ಕಡೀ ಸಾಲು. ನಾಯಿ ಕಟ್ಟೀನಿ. ಒಳಗಿನವು ಹೊರಗ ಹೋಗಾಕ ಯಾವ ಬಾಜು ಬಿಡಬೇಕು, ನಿಮ್ಮ ಮೇಡಂನ ಕೇಳಿ ಹೇಳು."

ಕೇಳಿ ಹೇಳಿದೆ. ಫೋನ್ ಇಟ್ಟು ವಾಟ್ಸಾಪ್ ತೆರೆದರೆ, ಮುಧೋಳದ ನೆಂಟರೊಬ್ಬರು ಅದೇ ಮೂರು ಮರಿಯ ಫೋಟೋ ಕಳಿಸಿ "ನಿಮ್ಮ ಕಡೆ ಚಿರತೆ ಅಂತೆ, ಹುಷಾರು" ಅಂತ ಬರೆದಿದ್ದರು.

ಚಿರತೆ ಬಂತು ಅಂತ ಊರಿಗೆಲ್ಲ ಫಾರ್ವರ್ಡ್ ಮಾಡಿದವರೇ, ತಾಯಿ ಬಂದಳು ಅಂತ ಒಬ್ಬರಿಗಾದರೂ ಕಳಿಸಿದಿರೇನು?