ಗುಳಿಗೆಯ ಕಂತು

ಬ್ಯಾಂಕ್ ಗುಮಾಸ್ತ ಗಂಡನ ವರ್ಗಾವಣೆಯಿಂದಾಗಿ ಧಾರವಾಡ ಬಿಟ್ಟು ವಿಜಯವಾಡಕ್ಕೆ ಬಂದ ಅಂಬಾಬಾಯಿ ಯಾರಿಗೂ ಸೊಪ್ಪು ಹಾಕಿದವರಲ್ಲ. ಮುಪ್ಪಿನಲ್ಲಿ ಹೃದಯ ಕೈಕೊಟ್ಟಾಗಲೂ ಬಗ್ಗಲಿಲ್ಲ. ಮೂರು ತಿಂಗಳ ಗುಳಿಗೆಯ ಡಬ್ಬಿಗೆ ಒಂದೇ ಸಲ ಹಣ ಕೊಡಬೇಕೆಂದ ಒನ್ ಟೌನ್ ಪೇಟೆಯ ಔಷಧಿ ಅಂಗಡಿಯ ಸುಬ್ಬಾರಾವ್ ಮುಂದೆ ಸೆಟೆದು ನಿಂತರು.

"ಬಾಜೂ ಅಂಗಡ್ಯಾಗ ನಿಮ್ಮಣ್ಣ ಸೀರಿ ಕಂತಿನ ಮ್ಯಾಲ ಕೊಡ್ತಾನ. ಸೀರಿಗೆ ಕಂತು, ಎದಿಗೆ ಯಾಕಿಲ್ಲ? ತಿಂಗಳಾ ಪಿಂಚಣಿ ಬಂದ ದಿನ ತಂದು ಕೊಡ್ತೀನಿ."

ಅವರ ಬೈಗುಳ ಕೇಳಿಯೇ ಕನ್ನಡ ಕಲಿತಿದ್ದ ಸುಬ್ಬಾರಾವ್ ತಲೆ ಕೆರೆದುಕೊಂಡ. "ಅದಿ ಕಾದು, ಅದಲ್ಲ ಅಮ್ಮಗಾರು, ವಯಸ್ಸಾಗಿದೆ... ಕಂತು ಮುಗಿಯೋದರೊಳಗೆ ನಿಮಗೇನಾದರೂ ಆದರೆ?"

ಅಂಬಾಬಾಯಿ ಡಬ್ಬಿಯನ್ನೆತ್ತಿ ಚೀಲಕ್ಕೆ ಹಾಕಿಕೊಂಡರು.

"ಯಾಕಪಾ, ನೀ ಮಾರೋ ಗುಳಿಗಿ ಮ್ಯಾಲ ನಿನಗ ನಂಬಿಕಿ ಇಲ್ಲೇನು?"