ನಾನು ಸೇದದ ಬೀಡಿ

ಕಂಪನಿ ಕೊಟ್ಟ ಯೂನಿಫಾರ್ಮ್ ಷರ್ಟು ನನಗೆ ಯಾವಾಗಲೂ ದೊಗಳೆ. ಬೇರೆ ಅಳತೆಯದು ಕೊಡಿ ಎಂದು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದೆ. ಆ ಬೇಸಿಗೆಯಲ್ಲಿ ಮಾತ್ರ ಅದು ಉಪಯೋಗಕ್ಕೆ ಬಂತು, ಯಾಕೆಂದರೆ ಅದರಡಿಯಲ್ಲಿ ಸೊಂಟಕ್ಕೆ ಒಂದು ಪಿಸ್ತೂಲು ಸಿಕ್ಕಿಸಿಕೊಂಡಿದ್ದೆ.

ನಿಜವಾದದ್ದಲ್ಲ ಮಾರಾಯ್ರೆ, ಲೈಟರು. ಟ್ರಿಗರ್ ಎಳೆದರೆ ತುದಿಯಲ್ಲಿ ಉಗುರಿನಷ್ಟು ಬೆಂಕಿ, ಅದೂ ಅದಕ್ಕೆ ಮನಸ್ಸಿದ್ದರೆ. ಆದರೆ ಕಪ್ಪು ಲೋಹದ್ದು, ತೂಕದ್ದು, ನೋಡಿದವರ ಎದೆ ಝಲ್ಲೆನ್ನಬೇಕು. ನಾನು ವ್ಯಾನಿನಲ್ಲಿ ಮೊಸರು, ಮಜ್ಜಿಗೆ ತುಂಬಿಕೊಂಡು ಕೋಲ್ಡ್ ಸ್ಟೋರುಗಳಿಗೆ, ಅಂದರೆ ಈ ಕೊಲ್ಲಿ ದೇಶದ ಮೂಲೆಮೂಲೆಯ ದಿನಸಿ ಅಂಗಡಿಗಳಿಗೆ, ಹಾಕಿ ಹಣ ತರುವವನು. ಸನದ್ ಎಂಬಲ್ಲಿನ ಗಲ್ಲಿಯೊಂದರಲ್ಲಿ ಹಾಡುಹಗಲೇ ಒಬ್ಬ ಚಾಕು ತೋರಿಸಿ ಹಣದ ಚೀಲ ಕಿತ್ತುಕೊಂಡು ಹೋದ. ಗಾಯವೇನೂ ಆಗಲಿಲ್ಲ. ಆದರೆ ಆಮೇಲೆ ವ್ಯಾನಿನಿಂದ ಇಳಿಯುವಾಗೆಲ್ಲ ಕಾಲು ನಡುಗತೊಡಗಿತು. ಲೈಟರು ಕೊಂಡದ್ದು ಆ ನಡುಕಕ್ಕೆ.

ಕಂಪನಿಯ ನಿಯಮದಲ್ಲಿ ಗೊಂದಲವೇನಿರಲಿಲ್ಲ. ಆಯುಧವಾಗಲಿ, ಆಯುಧದಂತೆ ಕಾಣುವುದಾಗಲಿ ಡ್ಯೂಟಿಯಲ್ಲಿ ಸಿಕ್ಕಿದರೆ ವೀಸಾ ಕ್ಯಾನ್ಸಲ್, ಸೀದಾ ಊರಿಗೆ. ಊರಲ್ಲಿ ನನಗೆ ಯಾವ ಕೆಲಸವೂ ಕಾದು ಕೂತಿರಲಿಲ್ಲ.

ಧೈರ್ಯಕ್ಕೆಂದು ಇಟ್ಟುಕೊಂಡದ್ದು ಇದ್ದ ಧೈರ್ಯವನ್ನೂ ತಿಂದುಹಾಕಿತು. ಬಗ್ಗಿ ಕ್ರೇಟು ಎತ್ತುವ ಹಾಗಿಲ್ಲ. ಗೆಳೆಯರು ಅಪ್ಪಿಕೊಳ್ಳಲು ಬಂದರೆ ಓರೆಯಾಗಿ ನಿಲ್ಲಬೇಕು. ಜುಫೈರಿನಲ್ಲಿ, ನೌಕಾನೆಲೆಯ ಹತ್ತಿರ, ಒಂದು ದಿನ ಪೊಲೀಸರು ವ್ಯಾನ್ ನಿಲ್ಲಿಸಿ ಹಿಂದಿನ ಬಾಗಿಲು ತೆಗೆಸಿದರು. ಮೊಸರಿನ ಡಬ್ಬಗಳನ್ನು ನೋಡಿ “ಖಲಾಸ್”, ಆಯಿತು ಹೋಗು ಎಂದು ಕೈಬೀಸಿದರು. ಹಿದ್ದ್ ಎಂಬಲ್ಲಿರುವ ನಮ್ಮ ಗೋಡೌನ್ ತಲುಪುವಷ್ಟರಲ್ಲಿ ಬೆವರಿ ತೊಯ್ದು ತೊಪ್ಪೆಯಾಗಿದ್ದೆ. ಸಾಕುಸಾಕಾಗಿತ್ತು. ಆದದ್ದಾಗಲಿ, ಹೇಳಿಬಿಡೋಣ ಎಂದು ಸೂಪರ್‌ವೈಸರ್ ಬಳಿ ಹೋದೆ.

“ಸರ್, ನನ್ನ ಹತ್ರ ಒಂದು ಬೆಡಿ ಉಂಟು.”

ನಮ್ಮ ಪುತ್ತೂರು ಕಡೆ ಬಂದೂಕಿಗೆ ಬೆಡಿ ಎನ್ನುತ್ತೇವೆ. ಹೆದರಿದಾಗ ನನ್ನ ಬಾಯಿಗೆ ಊರಿನ ಮಾತೇ ಬರುವುದು. ಅವರು ಮೈಸೂರು ಕಡೆಯವರು, ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

“ಇಷ್ಟಕ್ಕೆ ಯಾಕಪ್ಪಾ ಮುಖ ಹಿಂಗ್ ಮಾಡ್ಕೊಂಡಿದ್ದೀಯ? ಬೀಡಿ ನಾನೂ ಸೇದ್ತಿದ್ದೆ. ಗೋಡೌನ್ ಒಳಗೆ ಬೇಡ, ಅಷ್ಟೇ. ನಿಧಾನಕ್ಕೆ ಬಿಟ್ಬಿಡು.”

ನಾನು ಹುಟ್ಟಿದ ಮೇಲೆ ಒಂದು ಬೀಡಿ ಸೇದಿದವನಲ್ಲ. ಆಗಲೇ ತಿದ್ದಬೇಕಿತ್ತು. ಆದರೆ ಇದ್ದಬದ್ದ ಶಕ್ತಿಯೆಲ್ಲ ಆ ಒಂದು ಮಾತಿಗೇ ಮುಗಿದಿತ್ತು. ಆಯ್ತು ಸರ್ ಎಂದು ಬಂದುಬಿಟ್ಟೆ.

ಆಮೇಲೆ ದಿನಾ ಬೆಳಿಗ್ಗೆ ವ್ಯಾನಿನ ಕೀಲಿ ಕೊಡುವಾಗ ಎಲ್ಲರೆದುರು ಅದೇ ಪ್ರಶ್ನೆ. “ಬೀಡಿ ಬಿಟ್ಯೇನಪ್ಪಾ?” ಉಳಿದ ಡ್ರೈವರುಗಳಿಗೆ ನಗು. “ಬಿಡ್ತಾ ಇದ್ದೇನೆ ಸರ್” ಎನ್ನುತ್ತಿದ್ದೆ, ಷರ್ಟು ಕೆಳಗೆಳೆಯುತ್ತ. ಒಂದು ಸಂಜೆ ಅವರು ಊರಿಂದ ತಂದ ಏಲಕ್ಕಿಯ ಪೊಟ್ಟಣ ನನ್ನ ಕೈಗಿಟ್ಟು, “ಸೇದ್ಬೇಕು ಅನ್ಸಿದಾಗ ಬಾಯಿಗೆ ಹಾಕ್ಕೋ” ಎಂದರು.

ಆ ಏಲಕ್ಕಿ ನನ್ನನ್ನು ಸೋಲಿಸಿತು. ನಾಚಿಕೆಯಾಯಿತು. ಬಾಗಿಲು ಮುಂದೆ ಮಾಡಿ, ಷರ್ಟೆತ್ತಿ, ಅದನ್ನು ಅವರ ಮೇಜಿನ ಮೇಲಿಟ್ಟೆ.

“ಸರ್, ಬೆಡಿ ಅಂದ್ರೆ ಇದು.”

ಅವರ ಮುಖ ಬಿಳುಚಿತು. ಲೈಟರು ಸರ್ ಎಂದು ಹೊತ್ತಿಸಿ ತೋರಿಸಲು ಹೋದೆ. ಹಾಳಾದ್ದು ಹೊತ್ತಿಕೊಳ್ಳಲಿಲ್ಲ. ಚಾಕು, ಕಾಲಿನ ನಡುಕ, ಜುಫೈರಿನ ಪೊಲೀಸರು, ಎಲ್ಲ ಹೇಳಿದೆ. ಅವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ಆ ಪೊಲೀಸ್ರಿಗೆ ಇದು ಕಂಡಿದ್ರೆ, ಲೈಟರೋ ಅಲ್ವೋ ಅಂತ ವಿಚಾರಿಸೋವರೆಗೂ ಕಾಯ್ತಿದ್ರಾ?”

ಅದನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದರು. “ಹೋಗು” ಎಂದರು. ರೂಮಿಗೋ, ಊರಿಗೋ ತಿಳಿಯಲಿಲ್ಲ. ಕೇಳದೆ ಹೊರಬಂದೆ.

ಮರುದಿನ ಬೆಳಿಗ್ಗೆ ಗೋಡೌನಿನಲ್ಲಿ ದೊಡ್ಡ ಮ್ಯಾನೇಜರ್ ನಿಂತಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಸೂಪರ್‌ವೈಸರ್ ಅವರತ್ತ ತಿರುಗಿ, ಹಣ ತರುವ ವ್ಯಾನುಗಳಲ್ಲಿ ಇನ್ನು ಇಬ್ಬಿಬ್ಬರು ಹೋಗಲಿ ಸರ್, ಒಬ್ಬೊಬ್ಬರೇ ಬೇಡ ಎಂದರು. ಆಮೇಲೆ ನನ್ನ ಕಡೆ ಕೀಲಿ ಚಾಚಿದರು. ನಾನು ಹಿಡಿದರೂ ಅವರು ಕೈ ಬಿಡಲಿಲ್ಲ.

“ಬೀಡಿ ಬಿಟ್ಯೇನಪ್ಪಾ?”

ಎಲ್ಲರೂ ಎಂದಿನಂತೆ ನಕ್ಕರು, ಮ್ಯಾನೇಜರ್ ಕೂಡ. ಸೂಪರ್‌ವೈಸರ್ ಒಬ್ಬರು ನಗಲಿಲ್ಲ.

“ಬಿಟ್ಟೆ ಸರ್” ಎಂದೆ.